ಕುಂಕುಮ ಹಚ್ಚಿದ ಸಿ.ಡಿ.

ಅವಮಾನವನ್ನು ಮರೆಯುವುದು ದೊಡ್ಡವರ ಲಕ್ಷಣವಂತೆ. ಹಾಗಾದರೆ ನಾನು ದೊಡ್ಡವಳಲ್ಲ.

ಎರಡು ಸಾವಿರದ ಆಸುಪಾಸಿನಲ್ಲಿ ಗಂಗಾವತಿಯ ಒಂದು ಕಂಪ್ಯೂಟರ್ ಕ್ಲಾಸಿಗೆ ಹೋಗುತ್ತಿದ್ದೆ. ಬಿಡಿಭಾಗ ಜೋಡಿಸುವುದನ್ನು ಸರ್ ಎಲ್ಲರಿಗೂ ತೋರಿಸುತ್ತಿದ್ದರು. ಜೋಡಿಸಿದ ಹೊಸ ಯಂತ್ರಕ್ಕೆ ಆಪರೇಟಿಂಗ್ ಸಿಸ್ಟಂ ಹಾಕುವ ಹೊತ್ತು ಬಂತೆಂದರೆ ಮಾತ್ರ ಹುಡುಗರನ್ನು ಸುತ್ತ ಕೂರಿಸಿಕೊಂಡು ನನ್ನತ್ತ ತಿರುಗುತ್ತಿದ್ದರು.

“ನೀ ಹೊರಗ ನಿಂದ್ರವಾ. ಹೆಣ್ಮಕ್ಕಳಿಗೆ ಟೈಪಿಂಗ್ ಬಂದ್ರ ಸಾಕು.”

ಹುಡುಗರು ಕಿಸಕ್ಕನೆ ನಗುತ್ತಿದ್ದರು. ನಾನು ಚಪ್ಪಲಿಗಳ ಪಕ್ಕ ನಿಂತು, ಹಲ್ಲು ಕಚ್ಚಿಕೊಂಡು, ಕಿಟಕಿಯ ಸಂದಿಯಿಂದ ಒಂದೊಂದು ಹಂತವನ್ನೂ ಬಾಯಿಪಾಠ ಮಾಡಿಕೊಂಡೆ. ಕೊನೆಗೆ ಯಂತ್ರ ಹೆಸರು ಕೇಳುತ್ತದೆ. ಕಂಪ್ಯೂಟರ್ ಯಾರದೇ ಇರಲಿ, ಸರ್ ಅಲ್ಲಿ ತಮ್ಮ ಹೆಸರನ್ನೇ ಹೊಡೆಯುತ್ತಿದ್ದರು.

ಮುಂದೆ ಒಂದು ಅಕ್ಕಿ ಗಿರಣಿಯ ಆಫೀಸಿಗೆ ಸೇರಿದೆ. ಸಾಹುಕಾರರು ಕಂಪ್ಯೂಟರ್ ಬೇಕೆಂದಾಗ, ಹುಬ್ಬಳ್ಳಿಯಿಂದ ಬಿಡಿಭಾಗ ತರಿಸಿಕೊಡಿ, ನಾನೇ ಜೋಡಿಸುತ್ತೇನೆ ಎಂದೆ.

“ಚಾಲೂ ಆಗ್ಲಿಲ್ಲಂದ್ರ ನಾಳಿಂದ ನೀ ಬರಬ್ಯಾಡ ನೋಡವಾ” ಎಂದರು. ನಗುತ್ತಲೇ ಅಂದರು, ಆದರೆ ತಮಾಷೆಗಲ್ಲ.

ಜೋಡಿಸಿದೆ. ಆಪರೇಟಿಂಗ್ ಸಿಸ್ಟಂ ಹಾಕುವ ಸಿ.ಡಿ. ಇದ್ದದ್ದು ಮಾತ್ರ ಕ್ಲಾಸಿನ ಅದೇ ಸರ್ ಹತ್ತಿರ. ಅವರನ್ನೇ ಕರೆಸಬೇಕಾಯಿತು.

ಪೂಜೆಯಿಲ್ಲದೆ ಹೊಸ ಯಂತ್ರಕ್ಕೆ ಕರೆಂಟು ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಸರ್ ಬಾಗಿಲಲ್ಲಿ ಕಾಯಿ ಒಡೆಯುತ್ತಿದ್ದಾಗ ಸಾಹುಕಾರರ ತಾಯಿ ಮಾನಿಟರಿಗೆ, ಕೀಬೋರ್ಡಿಗೆ, ಮೌಸಿಗೆ ಕುಂಕುಮ ಹಚ್ಚಿದರು. ಮೇಜಿನ ಮೇಲಿದ್ದ ಸಿ.ಡಿ.ಯನ್ನೂ ಬಿಡಲಿಲ್ಲ. ಹೊಳೆಯುವ ಮಗ್ಗುಲೇ ಅದರ ಮುಖವೆಂದುಕೊಂಡು, ಅಲ್ಲೇ ಒದ್ದೆ ಬೆರಳಿಂದ ಒಂದು ದೊಡ್ಡ ಬೊಟ್ಟಿಟ್ಟರು. ಯಂತ್ರ ಓದುವುದು ಆ ಮಗ್ಗುಲನ್ನೇ. ನಾನು ನೋಡಿದೆ. ಹೇಳಬಹುದಿತ್ತು. ಹೇಳಲಿಲ್ಲ.

ಸರ್ ಸಾಹುಕಾರರ ಜೊತೆ ಹರಟುತ್ತಲೇ ಸಿ.ಡಿ. ಎತ್ತಿ ಒಳಗೆ ಹಾಕಿದರು. ಅರ್ಧಕ್ಕೆ ನಿಂತಿತು. ಮತ್ತೆ ಶುರು ಮಾಡಿದರು, ಮತ್ತೆ ಅಲ್ಲೇ ನಿಂತಿತು. ಮೂರನೆಯ ಸಲಕ್ಕೆ ಅವರ ಅಂಗಿ ಬೆನ್ನಿಗಂಟಿತ್ತು. ಅದನ್ನು ನೋಡುತ್ತ ನನಗೆ ಹಬ್ಬದೂಟ ಉಂಡಷ್ಟು ಸಮಾಧಾನ.

“ನನ್ನ ಸಿ.ಡಿ. ಛಲೋ ಐತ್ರಿ ಸಾವ್ಕಾರ್ರ. ಜೋಡಿಸಿದ್ದ ಸರಿ ಇಲ್ಲ. ಇದು ಹೆಣ್ಮಕ್ಕಳ ಕೆಲಸ ಅಲ್ಲಂತ ಆವಾಗ ಹೇಳಿದ್ದೆ.”

ಸಾಹುಕಾರರು ನನ್ನನ್ನು ದುರುಗುಟ್ಟಿ ನೋಡಿದರು. ನಾನು ಕಾದಿದ್ದು ಈ ಮಾತಿಗೇ. ಸಿ.ಡಿ. ಹೊರತೆಗೆದು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದೆ. ಕೆಂಪು ಬೊಟ್ಟು ಹರಡಿಕೊಂಡಿತ್ತು.

“ನೋಡ್ಲಾರದ ಹಾಕೀರಲ್ರಿ ಸರ್.”

“ಅಯ್ಯ, ನಾನ ಹಚ್ಚಿದ್ನೆವಾ” ಎಂದರು ತಾಯಿ. ಸರ್ ಮುಖ ಕಪ್ಪಿಟ್ಟಿತು. ಒದ್ದೆ ಹತ್ತಿಯಿಂದ ಮೆತ್ತಗೆ ಒರೆಸಿ, ಆರಿಸಿ, ಸಿ.ಡಿ. ಹಾಕಿ ನಾನೇ ಕುರ್ಚಿಯಲ್ಲಿ ಕೂತೆ. ಈ ಸಲ ನಿಲ್ಲಲಿಲ್ಲ. ಪರದೆ ಸಿ.ಡಿ.ಯ ಗುಟ್ಟಿನ ನಂಬರು ಕೇಳಿತು. ಅದನ್ನು ಬರೆದಿಟ್ಟ ಚೀಟಿ ಸರ್ ಜೇಬಿನಲ್ಲಿತ್ತು.

“ಚೀಟಿ ಕೊಡ್ರಿ ಸರ್. ಕೊಟ್ಟು ಹೊರಗ ನಿಂದರ್ರಿ.”

ಅವರು ಸಾಹುಕಾರರ ಮುಖ ನೋಡಿದರು. “ಕೊಡ್ರಿ, ಹೊತ್ತಾತು” ಎಂದರು ಸಾಹುಕಾರರು.

ಸರ್ ಚೀಟಿ ಕೊಟ್ಟು, ಹೊರಗೆ ಹೋಗಿ ಚಪ್ಪಲಿಗಳ ಪಕ್ಕ ನಿಂತರು. ನಂಬರು ಹೊಡೆದೆ. ಯಂತ್ರ ಹೆಸರು ಕೇಳಿತು. ಒಂದೊಂದೇ ಅಕ್ಷರ ಒತ್ತಿ, ನನ್ನ ಹೆಸರು ಬರೆದೆ. ತಲೆಯೆತ್ತಿದರೆ ಕಿಟಕಿಯ ಸಂದಿಯಲ್ಲಿ ಅವರ ಕಣ್ಣು.

ಎದ್ದು ಹೋಗಿ ಕಿಟಕಿ ಮುಚ್ಚಿದೆ.