ಮುಂದಿನ ಡಬ್ಬಿ ಯಾವಾಗ ಬತ್ತದೆ

ನನ್ನ ಗಂಡನಿಗೆ ಬೀಡಿಯಿಲ್ಲ, ಇಸ್ಪೀಟಿಲ್ಲ. ಇರೋದು ಒಂದೇ ಚಟ. ಅಮೆರಿಕದ ಆ ಕಂಪನಿ ತನ್ನ ಮುಂದಿನ ಕಂಪ್ಯೂಟರನ್ನು ಯಾವಾಗ ಬಿಡುತ್ತೆ, ಅದರೊಳಗೆ ಏನೇನು ಇರುತ್ತೆ ಅಂತ ಊಹೆ ಮಾಡ್ತಾ ಕೂರೋದು. ಇದಕ್ಕಿಂತ ಇಸ್ಪೀಟೇ ವಾಸಿಯಾಗಿತ್ತು ಅಂತ ಎಷ್ಟೋ ಸಲ ಮುಖಕ್ಕೇ ಹೇಳಿದ್ದೀನಿ. ಅವನು ನನ್ನ ಸೋದರತ್ತೆ ಮಗ, ಕ್ಯಾಸಂಬಳ್ಳಿಯವನು. ಚಿಕ್ಕಂದಿನಿಂದ ಬಾವ ಅಂತ ಕರೆದು, ಏಕವಚನದಲ್ಲೇ ಜಗಳ ಆಡಿ ಬೆಳೆದವಳು ನಾನು. ತಾಳಿ ಕಟ್ಟಿಸಿಕೊಂಡ ಮೇಲೂ ಬಹುವಚನ ಬಾಯಿಗೆ ಬರಲಿಲ್ಲ.

ಆ ಕಂಪ್ಯೂಟರ್ ಬೇಕಾಗಿದ್ದದ್ದು ಅವನಿಗಲ್ಲ, ನನಗೆ. ಚಿನ್ನದ ಗಣಿಯ ಚಾಂಪಿಯನ್ ರೀಫ್ಸ್‌ನಲ್ಲಿ, ನಮ್ಮಪ್ಪ ಇರೋ ಗಣಿ ಕೆಲಸದವರ ಲೈನ್ ಮನೆಗೆ ಎರಡು ಬೀದಿ ಆಚೆ ನನ್ನ ಅಂಗಡಿ. ಹಿಂದುಗಡೆ ನಮ್ಮ ಮನೆ. ಲಗ್ನಪತ್ರಿಕೆ, ನಾಮಕರಣದ ಕಾರ್ಡು, ತೀರಿಕೊಂಡವರ ಫ್ಲೆಕ್ಸು, ಎಲ್ಲಾ ನಾನೇ ಕಂಪೋಸ್ ಮಾಡಿ ಪ್ರೆಸ್ಸಿಗೆ ಕಳಿಸ್ತೀನಿ. ಕನ್ನಡ, ತಮಿಳು, ತೆಲುಗು ಮೂರೂ ಆಗುತ್ತೆ. ಅದು ಇನ್ನೂ ಕೆಲವರಿಗೆ ಬರುತ್ತೆ ಅನ್ನಿ. ನನ್ನ ಹತ್ತಿರ ಮಾತ್ರ ಆಗೋದು ಇನ್ನೊಂದಿದೆ. ನಮ್ಮೂರಲ್ಲಿ ಮನೇಲಿ ತಮಿಳು ಆಡಿ, ಸ್ಕೂಲಲ್ಲಿ ಕನ್ನಡ ಓದಿದ ಜನ ಬೇಕಾದಷ್ಟು. ಅವರಿಗೆ ತಮಿಳು ಕಿವಿಗೆ ಬೇಕು, ಕಣ್ಣಿಗೆ ಕನ್ನಡ ಬೇಕು. ಅಂಥವರಿಗೆ ತಮಿಳು ಮಾತನ್ನ ಕನ್ನಡ ಅಕ್ಷರದಲ್ಲಿ ಕೂರಿಸಿ ಪತ್ರಿಕೆ ಮಾಡಿಕೊಡ್ತೀನಿ. ಅಜ್ಜಿಗೆ ಮೊಮ್ಮಗ ಓದಿ ಹೇಳಿದ್ರೆ, ಅಜ್ಜಿಗೂ ಖುಷಿ, ಮೊಮ್ಮಗನಿಗೂ ಮರ್ಯಾದೆ.

ಇದನ್ನೆಲ್ಲಾ ಮಾಡ್ತಿದ್ದದ್ದು ಒಂದು ಚಿಕ್ಕ ಚೌಕದ ಡಬ್ಬಿ. ನಿಜವಾಗಲೂ ಡಬ್ಬಿಯೇ, ಮೇಜಿನ ಮೇಲಿಟ್ಟರೆ ಚಪಾತಿ ಡಬ್ಬಿ ಅಂತ ಯಾರಾದರೂ ಮುಚ್ಚಳ ಹುಡುಕಬೇಕು. ಪರದೆ ಬೇರೆ, ಕೀಬೋರ್ಡು ಬೇರೆ. ಬೆಂಗಳೂರಿನ ಒಂದು ಸ್ಟುಡಿಯೋದವರು ಉಪಯೋಗಿಸಿ ಬಿಟ್ಟಿದ್ದನ್ನ ಬಾವನೇ ತಂದುಕೊಟ್ಟಿದ್ದ. ಸುಮಾರು ವರ್ಷ ಮುದ್ದಾಗಿ ಓಡಿತು. ಅದರ ಶತ್ರು ಅಂದ್ರೆ ಸಯನೈಡ್ ದಿಬ್ಬ. ಮೈನ್ಸಲ್ಲಿ ಚಿನ್ನ ತೆಗೆದು ಉಳಿದ ಮಣ್ಣಿನ ಗುಡ್ಡಗಳು ನಮ್ಮೂರ ಪಕ್ಕದಲ್ಲೇ ನಿಂತಿವೆ, ಗಾಳಿ ಎದ್ದರೆ ಆ ನುಣುಪು ದೂಳು ಅನ್ನದ ತಟ್ಟೆಗೂ ಬರುತ್ತೆ. ಡಬ್ಬಿ ಒಳಗಿನ ಫ್ಯಾನಿಗೆ ಬರದೇ ಇರುತ್ತಾ? ಈ ವರ್ಷ ಆಷಾಢದ ಗಾಳಿ ಶುರುವಾದ ಹೊತ್ತಿಗೆ ಅದು ಏದುಸಿರು ಬಿಡೋಕೆ ಹಿಡಿಯಿತು. ಬಿಸಿಯಾಗೋದು, ತಾನೇ ಆರಿಹೋಗೋದು. ನಾನು ಪಕ್ಕದಲ್ಲಿ ಟೇಬಲ್ ಫ್ಯಾನಿಟ್ಟು, ಬಾಣಂತೀನ ನೋಡಿಕೊಂಡ ಹಾಗೆ ನೋಡಿಕೊಂಡೆ.

"ಒಸದು ತಂದುಬಿಡೋಣ ಬಾವ" ಅಂದೆ. ದುಡ್ಡಿನ ತಾಪತ್ರಯ ಇರಲಿಲ್ಲ, ಅದಕ್ಕಂತಲೇ ಎತ್ತಿಟ್ಟಿದ್ದೆ.

"ಈಗ ಅಂಗ್ಡೀಲಿ ಇರೋದು ಅಳೇದು. ಇನ್ನೇನು ಮುಂದಿನ್ದು ಬತ್ತದೆ. ತಡಿಯಮ್ಮಿ" ಅಂದ.

ಈ "ಇನ್ನೇನು ಬತ್ತದೆ" ಅವನಿಗೆ ಹತ್ತೋದು ರೈಲಲ್ಲಿ. ದಿನಾ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿನ ಗೋಡೌನ್ ಕೆಲಸಕ್ಕೆ ಹೋಗ್ತಾನೆ. ಅವನದೇ ಒಂದು ಗುಂಪು ಇದೆ, ಬಂಗಾರಪೇಟೆಯಲ್ಲಿ ಇನ್ನಿಬ್ಬರು ಹತ್ತಿಕೊಂಡರೆ ಸಭೆ ಪೂರ್ತಿ. ಒಬ್ಬ ಫೋನಲ್ಲಿ ಯಾವುದೋ ಚಾನೆಲ್ ತೋರಿಸ್ತಾನೆ, ಹೊಸ ಚಿಪ್ಪು ಎರಡು ಪಟ್ಟು ಜೋರಂತೆ. ಇನ್ನೊಬ್ಬ, ಇಲ್ಲ ಇಲ್ಲ, ಮೈಕಟ್ಟೇ ಬದಲಾಗುತ್ತಂತೆ, ಅಂಗೈಯಷ್ಟೇ ಇರುತ್ತಂತೆ ಅಂತಾನೆ. ಬಣ್ಣ ಬರುತ್ತಾ, ಪವರ್ ಬಟನ್ ಹೊಟ್ಟೆಯಡಿಯಿಂದ ಮೇಲಕ್ಕೆ ಬರುತ್ತಾ, ಮೆಮೊರಿ ಜಾಸ್ತಿ ಕೊಡ್ತಾರಾ, ರೇಟು ಏರಿಸ್ತಾರಾ. ಇವರಲ್ಲಿ ಒಬ್ಬನ ಮನೇಲೂ ಆ ಡಬ್ಬಿ ಇಲ್ಲ. ಕೂಸು ಹುಟ್ಟೋ ಮುಂಚೆ ಕುಲಾವಿ ಅಂತಾರಲ್ಲ, ಇವರು ಕುಲಾವಿಗೆ ಯಾವ ಬಣ್ಣದ ಗುಂಜು ಅಂತ ಜಗಳಕ್ಕೆ ಬಿದ್ದವರು.

ಚಾನೆಲ್ ಸುದ್ದಿ ಸಾಲದೂ ಅಂತ ಬಾವ ಪಂಚಾಂಗಾನೂ ಸೇರಿಸಿಕೊಂಡ. ಆಷಾಢದಲ್ಲಿ ಹೊಸ ವಸ್ತು ಮನೆಗೆ ತರಬಾರದು, ಸರಿ, ಒಪ್ಪಿದೆ. ಶ್ರಾವಣ ಬಂತು. "ಇನ್ನೊಂದೇ ತಿಂಗಳಂತೆ, ಈಗ ತಂದ್ರೆ ಹೊಟ್ಟೆ ಉರ್ಕೊಬೇಕಾಗ್ತದೆ" ಅಂದ. ಒಂದು ತಿಂಗಳಾದ ಮೇಲೆ ಪಿತೃಪಕ್ಷ, ಸತ್ತೋರ ದಿನಗಳಲ್ಲಿ ಯಾರು ಕಂಪ್ಯೂಟರ್ ತರ್ತಾರೆ? ಅದು ಕಳೆದರೆ ಆಯುಧಪೂಜೆ ಹತ್ತಿರವಾಯ್ತು, ಆಗಲೇ ಹೊಸದು ಬಿಡ್ತಾರೆ ಅಂತ ರೈಲಿನ ಸಭೆಯ ತೀರ್ಮಾನ. ನಮ್ಮಲ್ಲಿ ಒಳ್ಳೇ ದಿನ ಇದ್ದಾಗ ಅವರು ಬಿಡಲ್ಲ, ಅವರು ಬಿಡ್ತಾರೆ ಅನ್ನೋವಾಗ ನಮ್ಮಲ್ಲಿ ಒಳ್ಳೇ ದಿನ ಇಲ್ಲ. ಹುಚ್ಚು ಬಿಡೋ ತನಕ ಮದುವೆ ಆಗೋಲ್ಲ, ಮದುವೆ ಆಗೋ ತನಕ ಹುಚ್ಚು ಬಿಡೋಲ್ಲ. ಆ ಅಮೆರಿಕದವರಿಗೆ ಒಂದು ಪಂಚಾಂಗ ಕಳಿಸಿಕೊಡು ಅಂದೆ. ನಗ್ತಾನೆ, ಏನೂ ಅಂದುಕೊಳ್ಳಲ್ಲ, ಅದೇ ಕಷ್ಟ.

ನಗು ನನಗೆ ಬರ್ತಿರಲಿಲ್ಲ. ಕಾರ್ಡು ಮಾಡಿಸೋಕೆ ಬಂದವರ ಮುಂದೆಯೇ ಪರದೆ ಕಪ್ಪಾಗೋದು. ಅವರು ಸ್ವಲ್ಪ ಹೊತ್ತು ಕೂತು, ಟೇಬಲ್ ಫ್ಯಾನ್ ಕಡೆ ನೋಡಿ, "ಬತ್ತೀನಕ್ಕಾ" ಅಂತ ಏಳೋರು. ನಮ್ಮ ಕಡೆ ಯಾರೂ ಹೋಗ್ತೀನಿ ಅಂತ ಬಾಯಿ ಬಿಟ್ಟು ಹೇಳಲ್ಲ, ಅದು ಅಪಶಕುನ. ಊರು ಬಿಟ್ಟು ಹೋಗೋನೂ ಬತ್ತೀನಿ ಅಂತಲೇ ಹೋಗೋದು. ಅಂಗಡಿ ಇಟ್ಟುಕೊಂಡವರಿಗೆ ಮಾತ್ರ ಯಾವ ಬತ್ತೀನಿ ಬರೋದು, ಯಾವುದು ಬಾರದ್ದು ಅಂತ ಗೊತ್ತಾಗಿಬಿಡುತ್ತೆ. ಈ ಬತ್ತೀನಿಗಳು ನೆಟ್ಟಗೆ ಬಂಗಾರಪೇಟೆಗೆ ಹೋಗ್ತಿದ್ದವು. ಅಲ್ಲಿ ಸ್ಟೇಷನ್ ರಸ್ತೆಯಲ್ಲಿ ಹೊಸದಾಗಿ ಒಂದು ಅಂಗಡಿ ಆಗಿತ್ತು. ಕಾರ್ತಿಕದ ಮದುವೆಗಳೂ ಅಲ್ಲಿಗೇ ಹೋದರೆ ನಾನು ಬಾಗಿಲು ಹಾಕಬೇಕಾಗಿತ್ತು. ಒಂದು ಸಲ ಕಾರ್ಡು ಮಾಡಿಸಿದ ಮನೆಯವರು ಸೀಮಂತಕ್ಕೂ ಅಲ್ಲಿಗೇ, ನಾಮಕರಣಕ್ಕೂ ಅಲ್ಲಿಗೇ ಹೋಗ್ತಾರೆ. ಇಷ್ಟು ವರ್ಷ ನನ್ನದು ಅಂತ ಮಾಡಿಕೊಂಡದ್ದು ಕಣ್ಣೆದುರಿಗೆ ರೈಲು ಹತ್ತಿ ಹೋಗ್ತಿತ್ತು. ಭಯ ಆಗ್ತಿತ್ತು, ಅದನ್ನ ಯಾಕೆ ಮುಚ್ಚಿಡಲಿ.

ಇವನಿಗೆ ಜೊತೆ ಸಿಕ್ಕವನು ನಮ್ಮಪ್ಪ. ಮೈನ್ಸಲ್ಲಿ ಅಂಡರ್‌ಗ್ರೌಂಡ್ ಕೆಲಸ ಮಾಡಿದವನು. ಮೈನ್ಸ್ ಮುಚ್ಚಿ ಎಷ್ಟು ಕಾಲವಾದರೂ, ಮತ್ತೆ ತೆಗೀತಾರೆ ಅನ್ನೋ ನಂಬಿಕೆ ಮುಚ್ಚಿಲ್ಲ. ಬೆಳಿಗ್ಗೆ ಟೀ ಅಂಗಡೀಲಿ ಅವನ ಸರೀಕರ ಜೊತೆ ಅದೇ ಮಾತು, ಸಂಜೆ ನಮ್ಮ ಅಂಗಡಿ ಮುಂದಿನ ಕಲ್ಲುಬೆಂಚಲ್ಲಿ ಅಳಿಯನ ಜೊತೆ ಅದೇ ಮಾತು. ಒಂದು ದಿನ ಒಳಗೆ ಟೀ ಸೋಸ್ತಾ ಕೇಳಿಸಿಕೊಂಡೆ.

"ಈ ಸಲ ಗ್ಯಾರಂಟಿ ಅಂತೆ ಮಾಮ."

"ಯಾರೇಳಿದ್ರು?"

"ಒಳಗಿನೋರೇ ಏಳವ್ರೆ. ಫಾರಿನ್‌ನಾಗೆ ಎಲ್ಲಾ ರೆಡಿ ಮಾಡ್ಕೊಂಡವ್ರಂತೆ."

"ಓದ ವರ್ಷಾನೂ ಅಂಗೇ ಅಂದ್ರಲ್ಲ ಅಳಿಯಾ."

"ಓದ ವರ್ಷದ ಮಾತು ಬ್ಯಾರೆ. ಊರಿಗೆ ಬಂದೋಳು ನೀರಿಗೆ ಬರ್ದೇ ಇರ್ತಾಳಾ?"

ಡಬ್ಬಿ ವಿಷಯ ಅಂದುಕೊಂಡು ಟೀ ಜರಡಿ ಹಿಡಿದೇ ಆಚೆ ಬಂದು ಬಾವನಿಗೆ ಬೈದೆ. ಇಬ್ಬರೂ ಪಿಳಿಪಿಳಿ ನೋಡಿದರು. ಅವರು ಮಾತಾಡ್ತಿದ್ದದ್ದು ಮೈನ್ಸ್ ತೆಗೆಯೋ ಸಮಾಚಾರ.

ನಮ್ಮಪ್ಪ ಕೆಟ್ಟವನಲ್ಲ. ಆದರೆ ನಾನು ಮಾಡೋದು ಅವನ ಲೆಕ್ಕದಲ್ಲಿ ಕೆಲಸವೇ ಅಲ್ಲ. ಯಾರಾದರೂ ಮಗಳು ಏನ್ಮಾಡ್ತಾಳೆ ಅಂತ ಕೇಳಿದರೆ, "ಪಾಪ ಮನೇಲೇ ಅವ್ಳೆ, ಏನೋ ಟೈಪಿಂಗು" ಅನ್ನೋನು. ಪಾಪ ಅಂದ್ರೆ ಮಗು, ಅದು ನಾನೇ, ತಲೆ ನರೆತರೂ ಅವನಿಗೆ ಪಾಪ. ಅವನ ಪ್ರಕಾರ ಕೆಲಸ ಅಂದ್ರೆ ಗಣಿಯ ಕಬ್ಬಿಣದ ಕೇಜಲ್ಲಿ ನಿಂತು ಭೂಮಿ ಒಳಕ್ಕೆ ಇಳಿಯೋದು. ಕುರ್ಚಿ ಮೇಲೆ ಕೂತವರೆಲ್ಲಾ ಅವನಿಗೆ ರೆಸ್ಟಲ್ಲಿ ಇರೋರು.

ಆಯುಧಪೂಜೆಗೆ ಎರಡು ದಿನ ಇದೆ ಅನ್ನೋವಾಗ ಡಬ್ಬಿ ಪೂರ್ತಿ ಸತ್ತಿತು. ಫ್ಯಾನು, ಒರೆಸೋ ಬಟ್ಟೆ, ಬೈಗುಳ ಯಾವುದಕ್ಕೂ ಏಳಲಿಲ್ಲ. ಪುಣ್ಯಕ್ಕೆ ಫೈಲುಗಳೆಲ್ಲಾ ಬೇರೆ ಡಿಸ್ಕಲ್ಲಿದ್ದವು. ಆವತ್ತೇ ಹಿಂದಿನ ಬೀದಿಯ ಅಕ್ಕ ಬಂದಿದ್ದರು. ಗಂಡ ಇಲ್ಲ, ಒಬ್ಬಳೇ ಮಗಳ ಮದುವೆ, ಗಂಡಿನ ಕಡೆಯವರು ತೆಲುಗು, ಇವರು ಮನೇಲಿ ತಮಿಳು. ಮೂರು ಥರದ ಪತ್ರಿಕೆ, ಅದರಲ್ಲಿ ಒಂದು ಕನ್ನಡ ಅಕ್ಷರದ ತಮಿಳು. "ನೀನೇ ಮಾಡ್ಬೇಕಮ್ಮ, ಬಂಗಾರಪೇಟೇಲಿ ನಮ್ ಮಾತು ಅವ್ರಿಗೆ ಬರೆಯಕ್ಕೆ ಬರಲ್ಲ. ಅಬ್ಬ ಮುಗಿದ ಮಾರನೇ ದಿನ ಕೊಡ್ತೀಯಾ?" ಅಂದರು. ಕೊಡ್ತೀನಿ ಅಂದುಬಿಟ್ಟೆ. ಕಪ್ಪು ಪರದೆಗೆ ಬೆನ್ನು ಹಾಕಿ ನಿಂತು ಅಂದೆ.

ಹಬ್ಬದ ದಿನ ನಮ್ಮಪ್ಪನೂ ಬಂದು ಕೂತಿದ್ದ, ಬಾವ ಬೂದುಗುಂಬಳ ಒಡೆದು, ನಿಂಬೆಹಣ್ಣು ತುಳಿಸಿ, ಸ್ಕೂಟರಿಗೆ, ಹೊಲಿಗೆ ಮಿಷಿನ್ನಿಗೆ ಕುಂಕುಮ ಇಟ್ಟ. ಕೊನೆಗೆ ಸತ್ತ ಡಬ್ಬಿಗೂ ಇಟ್ಟು ಹೂ ಏರಿಸಿದ. ನನ್ನ ಮೈಯೆಲ್ಲಾ ಉರಿದುಹೋಯ್ತು.

"ಹೆಣಕ್ಕೆ ಪೂಜೆ ಮಾಡ್ತಿದ್ದೀಯಲ್ಲ ಬಾವ. ನಾಳೆ ವಿಜಯದಶಮಿ, ರಜ ಐತೆ, ನಡಿ ಓಗಿ ತರಾಣ."

"ಇನ್ನೆಂಟು ದಿನ ಕಣಮ್ಮಿ. ಈ ಸಲ ನಿಜವಾಗ್ಲೂ ಬತ್ತದೆ. ಅಳೇ ಮಾಡೆಲ್ ನನ್ ಕೈಲಿ ತರಿಸ್ಬೇಡ, ರೈಲಲ್ಲಿ ಮಾನ ಓಯ್ತದೆ."

"ನಿನ್ನ ರೈಲಿನ ಮಾನ ಕಟ್ಕೊಂಡು ನನ್ನ ಅಂಗಡಿ ಮುಚ್ಚಲಾ? ನೀವಿಬ್ರೂ ಬೆಂಚಲ್ಲಿ ಕೂತು ಕಾಯ್ರಿ. ಒಬ್ಬನಿಗೆ ಡಬ್ಬಿ ಬರಲಿ, ಒಬ್ಬನಿಗೆ ಮೈನ್ಸ್ ಬರಲಿ. ನನಗೆ ಕಾಯೋಕೆ ಪುರುಸೊತ್ತಿಲ್ಲ."

ಮೈನ್ಸ್ ಮಾತು ಎತ್ತಬಾರದಿತ್ತೋ ಏನೋ. ನಮ್ಮಪ್ಪ ಪೂಜೆಯ ಕಡಲೆಪುರಿ ಕೈಲಿ ಹಿಡಿದು ಕೂತಿದ್ದವನು, ಬಾಯಿಗೆ ಹಾಕಿಕೊಳ್ಳಲಿಲ್ಲ. ತಟ್ಟೆಗೆ ವಾಪಸ್ಸು ಹಾಕಿ, ಚಪ್ಪಲಿ ಮೆಟ್ಟಿಕೊಂಡು ಮನೆಗೆ ಹೋದ.

ಬೆಳಿಗ್ಗೆ ಒಬ್ಬಳೇ ಚಾಂಪಿಯನ್ ಸ್ಟೇಷನ್ನಿಗೆ ಹೋದರೆ, ನಮ್ಮಪ್ಪ ಆಗಲೇ ಬಂದು ನಿಂತಿದ್ದ. ಇಸ್ತ್ರಿ ಮಾಡಿದ ಬಿಳಿ ಶರ್ಟು, ಕಂಕುಳಲ್ಲಿ ಒಂದು ಬಟ್ಟೆ ಚೀಲ. "ಬೆಲೆ ಬಾಳೋ ಸಾಮಾನು, ಒಬ್ಳೇ ಎಂಗೆ ತರ್ತೀಯ" ಅಂದ, ಅಷ್ಟೇ. ರೈಲಲ್ಲಿ ಊರಿನ ಮಾತು, ಮಳೆ ಮಾತು, ಬಂಗಾರಪೇಟೆ ದಾಟಿದ ಮೇಲೆ ಮೈನ್ಸ್ ಮಾತು. ತೆಗೆದೇ ತೆಗೀತಾರಂತೆ, ಈ ಸಲ ಡೌಟೇ ಇಲ್ಲವಂತೆ. ನಾನು ಹೂಂ ಅಂದೆ. ಹಿಂದಿನ ದಿನ ಅಂದಿದ್ದಕ್ಕೆ ಮನಸ್ಸು ಚುರುಗುಟ್ಟುತ್ತಿತ್ತು, ಮತ್ತೆ ವಾದ ಮಾಡೋ ಶಕ್ತಿ ಇರಲಿಲ್ಲ.

ಬೆಂಗಳೂರಿನ ಕಂಪ್ಯೂಟರ್ ಅಂಗಡಿ ಅಂದ್ರೆ ಗಾಜು, ಬಿಳಿ ಲೈಟು, ಎಸಿ. ನಮ್ಮಪ್ಪ ಚಪ್ಪಲಿ ಬಿಡಬೇಕಾ ಅಂತ ಬಾಗಿಲಲ್ಲಿ ಒಂದು ಕ್ಷಣ ನಿಂತ. ಬೇಡ ಬಾ ಅಂದೆ. ಅಲ್ಲಿದ್ದ ಡಬ್ಬಿ ನನ್ನ ಹಳೇದಕ್ಕಿಂತ ಚಿಕ್ಕದು. ಮಾರೋ ಹುಡುಗಿ ತುಂಬಾ ಒಳ್ಳೆಯವಳು, ಅದೇ ನನ್ನ ಗ್ರಹಚಾರ. ಪೆಟ್ಟಿಗೆ ತೆಗೆಯೋಕೆ ಹೋದವಳು ನಿಂತು, ದುಡ್ಡು ಕೊಡೋರು ಇವರೇ ಇರಬೇಕು ಅಂದುಕೊಂಡು ನಮ್ಮಪ್ಪನ ಕಡೆ ತಿರುಗಿದಳು.

"ಅಂಕಲ್, ನಾನು ಹೇಳಬಾರದು, ಆದ್ರೂ ಹೇಳ್ತೀನಿ. ಮುಂದಿನ ಮಾಡೆಲ್ ಸದ್ಯದಲ್ಲೇ ಬರುತ್ತೆ ಅಂತಿದ್ದಾರೆ. ಅರ್ಜೆಂಟ್ ಇಲ್ಲ ಅಂದ್ರೆ ವೆಯ್ಟ್ ಮಾಡಿ."

ಲೋಕದಲ್ಲಿ ಅಷ್ಟು ಜನ ಇರುವಾಗ ಹೋಗಿ ಹೋಗಿ ನಮ್ಮಪ್ಪನಿಗೆ ಕಾಯಿರಿ ಅಂತ ಹೇಳಿದಳಲ್ಲ. ಬಾವ ಬೇಕಿರಲಿಲ್ಲ, ಇವನೇ ನನ್ನನ್ನ ಬರಿಗೈಲಿ ರೈಲು ಹತ್ತಿಸ್ತಾನೆ ಅಂದುಕೊಂಡೆ. ಬಾಯಿ ತೆಗೆಯೋ ಅಷ್ಟರಲ್ಲಿ ಅವನೇ ಕೇಳಿದ.

"ಇದು ಓಡ್ತದಾಮ್ಮ?"

"ಚೆನ್ನಾಗಿ ಓಡುತ್ತೆ ಅಂಕಲ್. ಹೊಸದು ಇನ್ನೂ ಸ್ವಲ್ಪ ಫಾಸ್ಟ್ ಇರುತ್ತೆ, ಅಷ್ಟೇ."

"ಅಂಗಾದ್ರೆ ಇದನ್ನೇ ಕೊಟ್ಬಿಡು. ನಾಳೆ ಬೆಳಿಗ್ಗೆ ನಮ್ಮ ಪಾಪಂಗೆ ಶಿಫ್ಟ್ ಐತೆ."

ಆ ಹುಡುಗಿಗೆ ಅದು ಒಂದು ಮಾಮೂಲಿ ಮಾತು. ನಮ್ಮೂರಲ್ಲಿ ಶಿಫ್ಟ್ ಅಂದ್ರೆ ಮೈನ್ಸ್ ಶಿಫ್ಟು, ಬೇರೆ ಇಲ್ಲ. ಮೈನ್ಸ್ ಮುಚ್ಚಿದ ಮೇಲೆ ನಮ್ಮಪ್ಪ ಆ ಮಾತನ್ನ ಯಾರ ಕೆಲಸಕ್ಕೂ ಕೊಟ್ಟವನಲ್ಲ. ದಿನಾ ಗೋಡೌನಲ್ಲಿ ದುಡಿಯೋ ಅಳಿಯನಿಗೂ "ಡ್ಯೂಟಿಗೆ ಓದ" ಅಂತಾನೇ ಹೊರತು ಶಿಫ್ಟಿಗೆ ಅನ್ನಲ್ಲ. ನಾನು ಗಾಜಿನ ಶೆಲ್ಫ್ ಕಡೆ ತಿರುಗಿಕೊಂಡು, ಅಲ್ಲಿ ಇಟ್ಟಿದ್ದ ಯಾವುದೋ ವೈರಿನ ರೇಟು ನೋಡ್ತಾ ನಿಂತೆ. ಕಣ್ಣು ತುಂಬಿ ಒಂದು ಅಂಕಿಯೂ ಕಾಣಿಸಲಿಲ್ಲ.

"ಹೌದಾ? ಮೇಡಂ ಯಾವ ಕಂಪನೀಲಿರೋದು ಅಂಕಲ್?" ಅಂದಳು ಹುಡುಗಿ, ಬಿಲ್ ಮಾಡ್ತಾ.

ನಮ್ಮಪ್ಪ ಡಬ್ಬಿಯನ್ನ ಬಟ್ಟೆ ಚೀಲಕ್ಕೆ ಇಳಿಸಿ, ಬಾಯಿ ಸುತ್ತಿ ಗಂಟು ಹಾಕಿಕೊಂಡ.

"ಅವಳ್ದೇ ಕಂಪ್ನಿ" ಅಂದ.