ತೊಡೆ ತಟ್ಟಲು ತಡ

ಹಿಂದಿನಿಂದ ಹೊಡೆಯುವವನಿಗೆ ನಮ್ಮ ಮಾವೊರಿ ಜನರಲ್ಲಿ ನಾಯಿಗಿರುವಷ್ಟೂ ಬೆಲೆಯಿಲ್ಲ. ಆದರೆ ಹೊಡೆದದ್ದನ್ನು ಯಾರೂ ನೋಡದಿದ್ದರೆ? ಆಗ ಅವನು ದೊಡ್ಡ ಮನುಷ್ಯನಾಗಿ ಮೆರೆಯುತ್ತಾನೆ, ಟೀಪೆನೆಯ ಹಾಗೆ.

ಗಿಸ್ಬರ್ನ್ ಪಟ್ಟಣದ ಕಡೆಯ ಕುರಿ ಉಣ್ಣೆ ಕತ್ತರಿಸುವ ಪಂದ್ಯದಲ್ಲಿ ನಮ್ಮೂರ ಹೋಹೇಪ ಅವನನ್ನು ಸೋಲಿಸಿದ್ದ. ಅಂದು ಸಂಜೆ ಕುರಿಕೊಟ್ಟಿಗೆಯ ಹಿಂದೆ ತಲೆಗೆ ಬಿದ್ದ ಗುದ್ದಿಗೆ ಹೋಹೇಪನ ಮಿದುಳು ಊದಿಕೊಂಡಿತು. ಬಲಗೈ ಸತ್ತಿತು, ಮಾತು ಅರ್ಧ ಹೋಯಿತು. "ಕುಡಿದು ತಾನೇ ಬಿದ್ದ," ಎಂದ ಟೀಪೆನೆ. ಬೀಳುವಾಗ ಅವನ ನಗು ಹೋಹೇಪನಿಗೆ ಕೇಳಿಸಿತ್ತು. ಹೇಳೋಣವೆಂದರೆ ನಾಲಿಗೆ ತಿರುಗಲಿಲ್ಲ. ತಿರುಗುವ ಹೊತ್ತಿಗೆ ನಂಬುವವರೇ ಉಳಿದಿರಲಿಲ್ಲ.

ಆಸ್ಪತ್ರೆಯವರು ಕೈಗೆ ರಬ್ಬರ್ ಚೆಂಡು ಕೊಟ್ಟು ಕಳಿಸಿದ್ದರು. ಹೋಹೇಪ 'ಕೋರೊ' ಎಂದು ಕರೆಯುವ ಅಜ್ಜ ಅದನ್ನು ಕಿತ್ತು ನಾಯಿಗೆಸೆದ. ಬದಲಿಗೆ ತೈಯಾಹಾ ಕೊಟ್ಟ. ಆಳುದ್ದದ ಮರದ ಆಯುಧ, ತುದಿಯಲ್ಲಿ ಚಾಚಿದ ನಾಲಿಗೆಯ ಕೆತ್ತನೆ.

"ನಿನ್ನ ನಾಲಿಗೆ ಹೋದ್ರೆ ಹೋಗ್ಲಿ, ಇದರದ್ದು ಚಾಚು. ಮೊದಲು ಕಾಲಿಡೋದು ಕಲಿ."

"ಬೀ... ಬೀಳ್ತೀನಿ, ಕೋರೊ."

"ಬೀಳು. ನೆಲ ಎಲ್ಲಿಗೂ ಓಡಿಹೋಗಲ್ಲ."

ಬಿದ್ದ, ಎದ್ದ, ಮತ್ತೆ ಬಿದ್ದ. ಎಡಗೈ ಬಲಗೈಯನ್ನು ಎಳೆದುಕೊಂಡೇ ಹೋಗುತ್ತಿತ್ತು. ಮರೆಯುವ ತಲೆಗೆ ನೆನಪಿರಲೆಂದು ಕೋರೊ ಒಂದೊಂದು ಏಟಿಗೂ ಹಾಡಿನ ಸಾಲು ಕಟ್ಟಿಕೊಟ್ಟ. ಹೋಹೇಪ ಹಾಡನ್ನು ಬಿಟ್ಟು ಟೀಪೆನೆಯ ಹೆಸರು ಹೇಳಿಯೇ ಬೇಲಿಗಂಬಕ್ಕೆ ಬಾರಿಸುತ್ತಿದ್ದ. ತೊದಲದೆ ಬಾಯಿಗೆ ಬಂದ ಮೊದಲ ಮಾತೇ ಆ ಹೆಸರು. ಹಗೆಯೂ ಔಷಧವೇ ಅನ್ನಿ, ಅಲ್ಲಗಳೆಯುವವರು ಅಲ್ಲಗಳೆಯಲಿ.

ನಮ್ಮೂರ ಹೊಸ ಸಭಾಮನೆ ತೆರೆಯುವ ದಿನ ಹತ್ತಿರ ಬಂತು. ಅತಿಥಿಗಳ ಮುಂದಾಳಾಗಿ ಬರುವವನು ಟೀಪೆನೆ ಎಂದು ತಿಳಿದದ್ದೇ ತಡ, ಅಂಗಳದಲ್ಲಿ ಅವನಿಗೆ ಸವಾಲು ಹಾಕುವವನು ತಾನೇ ಎಂದು ಹೋಹೇಪ ಹಟ ಹಿಡಿದ. ಅತಿಥಿಗಳನ್ನು ಸವಾಲು ಹಾಕಿಯೇ ಬರಮಾಡಿಕೊಳ್ಳುವುದು ನಮ್ಮ ಪದ್ಧತಿ: ತೈಯಾಹಾ ಹಿಡಿದ ಸವಾಲುಗಾರ ಹಸಿರು ಟೊಂಗೆಯನ್ನು ನೆಲದ ಮೇಲಿಡುತ್ತಾನೆ, ಅತಿಥಿ ಅದನ್ನು ಎತ್ತಿಕೊಳ್ಳುತ್ತಾನೆ, ಆಮೇಲೆ ಸವಾಲುಗಾರ ಬಲಗೈಯಿಂದ ತೊಡೆ ತಟ್ಟಬೇಕು. ಬೇರೆ ಕಡೆ ತೊಡೆ ತಟ್ಟಿದರೆ ಜಗಳಕ್ಕೆ ಬಾ ಎಂದರ್ಥ, ನಮ್ಮಲ್ಲಿ ಒಳಗೆ ಬಾ ಎಂದು. ಆ ಸದ್ದು ಕೇಳುವ ತನಕ ಯಾರೂ ಹೆಜ್ಜೆ ಕದಲಿಸುವಂತಿಲ್ಲ.

"ಎಲ್ಲಿ, ತಟ್ಟು ನೋಡೋಣ," ಎಂದ ಕೋರೊ.

ಹೋಹೇಪ ತಟ್ಟಿದ. ಆಚೆಮನೆಯ ಕೋಳಿಗಳು ಬೆದರಿ ಓಡಿದವು.

ಆ ದಿನ ಟೀಪೆನೆ ಟೊಂಗೆ ಎತ್ತಿಕೊಂಡು ಎದೆಯುಬ್ಬಿಸಿ ನಿಂತ. ಬೆನ್ನ ಹಿಂದೆ ಕೋಲೂರಿಕೊಂಡ ಅವನ ಮುದಿ ತಾಯಿ, ಇಡೀ ಬಳಗ. ಹೋಹೇಪನ ಬಲಗೈ ಜೋತುಬಿದ್ದೇ ಇತ್ತು.

"ಅಯ್ಯೋ ಪಾಪ, ಕೈ ಏಳ್ತಿಲ್ಲ," ಎಂದು ಯಾರೋ ಪಿಸುಗುಟ್ಟಿದರು.

"ತಟ್ಟೋ ಮಾರಾಯ," ಟೀಪೆನೆ ಹಲ್ಲು ಕಚ್ಚಿ ಅಂದ. "ಅಮ್ಮ ಬಿಸಿಲಲ್ಲಿ ನಿಂತಿದ್ದಾಳೆ."

"ಹೇಳು."

"ಏನ್ ಹೇಳ್ಲಿ?"

ಹೋಹೇಪನ ಎಡಗೈಯಲ್ಲಿದ್ದ ತೈಯಾಹಾದ ನಾಲಿಗೆ ಟೀಪೆನೆಯ ಕಿವಿಯ ಹಿಂದೆ, ಅವನು ಅಂದು ಇವನಿಗೆ ಹೊಡೆದಿದ್ದ ಜಾಗಕ್ಕೇ ಹೋಗಿ ನಿಂತಿತು. ಒಂದಿಷ್ಟೂ ನಡುಗಲಿಲ್ಲ.

"ಹೇಳು."

"ನಾನೇ ಹೊಡೆದಿದ್ದು. ಆಯ್ತಾ?"

"ಜೋರಾಗಿ."

"ನಾನೇ ಹೊಡೆದಿದ್ದು! ಹಿಂದಿನಿಂದ!"

ತೊಡೆ ತಟ್ಟಿದ ಸದ್ದು ಹೊಳೆಯಾಚೆಗೂ ಕೇಳಿಸಿತು. ಮುದುಕಿ ಮಗ ಚಾಚಿದ ತೋಳನ್ನು ಮುಟ್ಟದೆ, ಕೋಲೂರಿಕೊಂಡು ಒಬ್ಬಳೇ ಒಳಗೆ ನಡೆದಳು.

ಊಟದ ಮನೆಯಲ್ಲಿ ಕೋರೊ ಪಕ್ಕಕ್ಕೆ ಬಂದು ಕೂತ. "ತೊಡೆ ತಟ್ಟೋಕೆ ಅಷ್ಟು ಹೊತ್ತು ಯಾಕೋ?"

ಹೋಹೇಪ ಬಲಗೈಯಿಂದ ಬಿಸಿಗೆಣಸು ಎತ್ತಿಕೊಂಡ.

"ಪೆಟ್ಟು ಬಿದ್ದ ಕೈ ಅಲ್ವಾ, ಕೋರೊ. ಸ್ವಲ್ಪ ನಿಧಾನ."