ಒಂದಡಿ ಸುಬೇದಾರರಿಗೆ ಹೊಲಿದ ಕೋಟು

ಕೋವಿಡ್ ಹಾವಳಿ ಇಳಿದ ಮರುವರ್ಷ ನಾನು ಮೂಡುಬಿದಿರೆಯ ನಮ್ಮ ಮನೆಯ ಮಹಡಿಯಲ್ಲಿ ಸಣ್ಣದೊಂದು ಮಾಡೆಲ್ ವರ್ಕ್‌ಶಾಪ್ ನಡೆಸುತ್ತಿದ್ದೆ. ಅದಕ್ಕೆ ಮೊದಲು ಬಹಳ ವರ್ಷ ಮೈಸೂರಿನಲ್ಲಿ, ವಸ್ತುಸಂಗ್ರಹಾಲಯಗಳಿಗೆ ಪ್ರತಿಕೃತಿ ಮಾಡಿಕೊಡುವ ಸಂಸ್ಥೆಯೊಂದರಲ್ಲಿದ್ದೆ. ಅಲ್ಲಿ ನನ್ನ ಪಾಲಿನ ಕೆಲಸ ಪುಟ್ಟ ಸೈನಿಕರ ಉಡುಪು. ಅಂಗಿಯ ಮಡಿಕೆ, ಹೊಲಿಗೆಯ ಗೆರೆ, ಬೆಲ್ಟಿನ ನೇಯ್ಗೆ ಎಲ್ಲ ನನ್ನವು.

ವಿಚಿತ್ರವೆಂದರೆ ಈ ಕೆಲಸದಲ್ಲಿ ನಿಜವಾದ ಬಟ್ಟೆಯನ್ನು ಆದಷ್ಟು ದೂರ ಇಡುತ್ತೇವೆ. ಆಳನ್ನು ಆರನೇ ಒಂದು ಪಾಲಿಗೆ ಕುಗ್ಗಿಸಬಹುದು, ನೂಲಿನ ದಪ್ಪವನ್ನು ಕುಗ್ಗಿಸಲಾಗದು. ಪಾಪ್ಲಿನ್ ತೊಡಿಸಿದರೆ ಗೋಣಿ ಸುತ್ತಿದ ಹಾಗೆ ಕಾಣುತ್ತದೆ. ಹಾಗಾಗಿ ಟಿಶ್ಯೂ ಕಾಗದವನ್ನು ನೀರು ಬೆರೆಸಿದ ಬಿಳಿ ಅಂಟಿನಲ್ಲಿ ಅದ್ದಿ ಮೈಗೆ ಹೊದಿಸಿ, ಒದ್ದೆಯಿರುವಾಗಲೇ ಮಡಿಕೆ ಮೂಡಿಸುತ್ತೇವೆ. ಒಣಗಿದರೆ ಕಲ್ಲಿನಷ್ಟು ಗಟ್ಟಿ. ಬಣ್ಣ ಹಚ್ಚಿದ ಮೇಲೆ ಕಣ್ಣಿಗೆ ಬಟ್ಟೆಯೇ.

ಒಂದು ಬೆಳಿಗ್ಗೆ ಮುಂಡಾಜೆಯಿಂದ ಲಲಿತಕ್ಕ ಎಂಬವರು ಬಸ್ಸಿನಲ್ಲಿ ಬಂದರು. ಕೈಯಲ್ಲಿ ಫೋಟೊ. ಹಿಮ ತುಂಬಿದ ಗಡಿ ಪೋಸ್ಟೊಂದರಲ್ಲಿ ದಪ್ಪ ಕೋಟು ತೊಟ್ಟು, ಮಫ್ಲರ್ ಸುತ್ತಿ, ಹೆಗಲಿಗೆ ಚೀಲ ಹಾಕಿ ನಿಂತ ಯುವಕ. ಅವರ ಯಜಮಾನರು, ನಿವೃತ್ತ ಸುಬೇದಾರ್ ದೇವಪ್ಪ ಶೆಟ್ಟರು.

“ಮೊದಲು ಆ ಪೋಸ್ಟಿನ ಕಥೆ ದಿನಾ ಹೇಳ್ತಿದ್ರು. ಈಗ ಮಾತೇ ಇಲ್ಲ. ಊಟ ಮಾಡ್ತಾರೆ, ಕೂತ್ಕೊಳ್ತಾರೆ, ಅಷ್ಟೆ. ಇದನ್ನು ಮಾಡಿಕೊಟ್ರೆ ಏನಾದ್ರೂ ಮಾತಾಡಿಯಾರು ಅಂತ ಒಂದು ಆಸೆ.”

ಒಂದಡಿ ಎತ್ತರದ ಆಳು ಮಾಡಿದೆ. ಕೋಟಿನ ಮೊಣಕೈ ಸುಕ್ಕುಗಳು ಅಷ್ಟು ಚೆನ್ನಾಗಿ ನನ್ನ ಕೈಯಲ್ಲಿ ಅದುವರೆಗೆ ಬಂದಿರಲಿಲ್ಲ. ಖುಷಿಯಿಂದ ನಾನೇ ಬೆಳ್ತಂಗಡಿ ದಾಟಿ ಮುಂಡಾಜೆಗೆ ತೆಗೆದುಕೊಂಡು ಹೋದೆ.

ಶೆಟ್ಟರು ಚಾವಡಿಯಲ್ಲಿ ಕುಳಿತಿದ್ದರು. ನಾನು ಗೊಂಬೆಯನ್ನು ಮುಂದೆ ಹಿಡಿದೆ. ಅವರು ನನ್ನ ದನಿ ಬಂದ ಕಡೆಗೆ, ಗೊಂಬೆಯಿಂದ ಒಂದು ಗೇಣು ಆಚೆಗೆ, ಕೈ ಚಾಚಿದರು. ಆಗಲೇ ನನಗೆ ತಿಳಿದದ್ದು. ಗ್ಲಾಕೋಮಾದಿಂದ ಅವರ ಎರಡೂ ಕಣ್ಣು ಹೋಗಿದ್ದವು.

ಬೆರಳುಗಳು ಕೋಟಿನ ಮೇಲೆ ನಿಧಾನವಾಗಿ ಇಳಿದವು, ಮತ್ತೆ ಹತ್ತಿದವು. “ಚಂದ ಉಂಟು” ಎಂದರು ಮರ್ಯಾದೆಗೆ. ಆಮೇಲೆ, “ಆದರೆ ಕೋಟು ಯಾವುದು, ಮೈ ಯಾವುದು ಗೊತ್ತಾಗುದಿಲ್ಲ. ಪಾಪ, ಚಳಿಗೆ ಮರಗಟ್ಟಿದ್ದಾನೆ” ಎಂದು ಮೇಜಿನ ಮೇಲಿಟ್ಟರು.

ಅಂಗಳದಲ್ಲಿ ಲಲಿತಕ್ಕ ನನ್ನ ಕೈ ಹಿಡಿದುಕೊಂಡರು. “ಕಣ್ಣು ಕಾಣುದಿಲ್ಲ ಅಂದಿದ್ರೆ ನೀವು ಒಪ್ತಿರ್ಲಿಲ್ಲ ಅಂತ ಹೇಳ್ಲಿಲ್ಲ. ತಪ್ಪು ತಿಳ್ಕೊಳ್ಬೇಡಿ ಮಾರಾಯ್ರೆ.”

“ಗೊಂಬೆ ಕೊಡಿ ಲಲಿತಕ್ಕ, ವಾಪಸ್ ಕೊಂಡು ಹೋಗ್ತೇನೆ. ಬೇರೆ ಬಟ್ಟೆ ಹಾಕುವ” ಎಂದೆ.

ಇಷ್ಟು ವರ್ಷ ಕಲಿತದ್ದನ್ನು ಬದಿಗಿಟ್ಟು ಕಾಗದವನ್ನೆಲ್ಲ ಕೆರೆದು ತೆಗೆದೆ. ಹೊಸ ಬಟ್ಟೆ ಯಾವುದೂ ಬಾಗಲಿಲ್ಲ. ತೋಳುಗಳು ರಟ್ಟಿನ ಹಾಗೆ ಹೊರಚಾಚಿ ನಿಂತವು. ಬೇಕಾದದ್ದು ಬಳಸಿ ಬಳಸಿ ಸೋತ ಬಟ್ಟೆ. ಬಂಟ್ವಾಳ ಪೇಟೆಯಲ್ಲಿ ಕೊಡೆ ರಿಪೇರಿ ಮಾಡುವವರ ಬಳಿ ಹಳೇ ಕೊಡೆಬಟ್ಟೆಯ ರಾಶಿಯೇ ಇತ್ತು. ಎಷ್ಟೋ ಮಳೆಗಾಲ ಕಂಡು ಮೆತ್ತಗಾದ ಒಂದು ತುಂಡು ಕೋಟಿನ ಹೊರಮೈ ಆಯಿತು. ಒಳಗೆ ಹಳೇ ಪಂಚೆಯ ಅಸ್ತರಿ, ನಡುವೆ ತೆಳ್ಳಗೆ ಹತ್ತಿ. ಅಂಚಿನೊಳಗೆ ಸಣ್ಣ ತಾಮ್ರದ ತಂತಿ ಸೇರಿಸಿದ್ದರಿಂದ ಕೋಟು ಭಾರಕ್ಕೆ ತಾನಾಗಿ ಜೋತುಬಿತ್ತು. ಚೀಲದ ಪಟ್ಟಿಗೆ ಲಾಟೀನಿನ ಬತ್ತಿ. ಅದರ ನೇಯ್ಗೆ ಥೇಟ್ ಸೇನೆಯ ಬೆಲ್ಟಿನದೇ.

ಮಫ್ಲರ್ ಹೆಣೆಯಲು ಲಲಿತಕ್ಕನೇ ಬಂದರು. ಉಣ್ಣೆಯ ನೂಲನ್ನು ಬಿಡಿಸಿ ಒಂದೇ ಎಳೆ ಮಾಡಿ, ಎರಡು ದಬ್ಬಣಗಳಲ್ಲಿ ಹೆಣೆಯುತ್ತ ಹೇಳಿದರು: “ಮದುವೆಯಾದ ವರ್ಷ ಅವರಿಗೆ ಹೆಣೆದು ಕೊಟ್ಟದ್ದು ಗಿಡ್ಡ ಆಗಿತ್ತು. ಉಣ್ಣೆ ಮುಗಿದಿತ್ತು. ಅವರಿಗೆ ಗೊತ್ತಾಗ್ಲಿಲ್ಲ. ಈ ಸಲ ಉದ್ದ ಮಾಡುವ.”

ಎರಡನೇ ಸಲ ಮುಂಡಾಜೆಗೆ ಹೋಗುವಾಗ ನನಗೆ ಧೈರ್ಯವಿರಲಿಲ್ಲ. ಶೆಟ್ಟರು ಗೊಂಬೆಯನ್ನು ಮಡಿಲಿಗೆ ತೆಗೆದುಕೊಂಡರು. ಬೆರಳು ಕೋಟಿನ ಅಂಚಿಗೆ ತಾಗಿತು, ಒಳಗೆ ನುಸುಳಿತು, ಅಲ್ಲಿಯೇ ನಿಂತಿತು. ಒಂದೊಂದೇ ಗುಂಡಿ ಬಿಚ್ಚಿದರು. ಆಮೇಲೆ ಕುತ್ತಿಗೆಗೆ ಹೋದರು. ಮಫ್ಲರ್ ಬಿಡಿಸಿದರು, ಇನ್ನೂ ಬಿಡಿಸಿದರು.

“ಲಲಿತಾ, ಇದು ನನ್ನದಲ್ಲ. ನನ್ನದು ಒಂದೇ ಸುತ್ತು ಬರ್ತಿತ್ತು.”

ಲಲಿತಕ್ಕನ ಮುಖ ಕೆಂಪಾಯಿತು. “ನಿಮಗೆ ಗೊತ್ತಿತ್ತಾ?”

“ಗೊತ್ತಾಗದೆ ಉಂಟಾ ಮಾರಾಯ್ತಿ? ಗಿಡ್ಡ ಆದದ್ದು ಒಳ್ಳೆದೇ ಆಯ್ತು. ಪೋಸ್ಟಿನಲ್ಲಿ ಒಬ್ಬರ ಮಫ್ಲರ್ ಇನ್ನೊಬ್ಬರು ಕೇಳಿ ಸುತ್ತಿಕೊಳ್ತಿದ್ರು, ನನ್ನದನ್ನು ಯಾರೂ ಕೇಳ್ಲಿಲ್ಲ” ಎಂದು ನಕ್ಕರು. “ಇರಲಿ, ಇವನಾದ್ರೂ ಬೆಚ್ಚಗಿರಲಿ.”

ಆಮೇಲೆ ಅವರ ಮಾತು ನಿಲ್ಲಲಿಲ್ಲ. ಹಿಮ ಕರಗಿಸಿ ಮಾಡಿದ ಚಹಾ, ಕೋಟಿನೊಳಗೆ ಬಚ್ಚಿಟ್ಟು ಮೆತ್ತಗೆ ಮಾಡುತ್ತಿದ್ದ ರೊಟ್ಟಿ, ಹೆಸರೇ ಮರೆತ ಒಂದು ಹೇಸರಗತ್ತೆ. ಲಲಿತಕ್ಕ ಊಟಕ್ಕೆ ಎರಡು ಸಲ ಕರೆದರೂ ಏಳಲಿಲ್ಲ.

ನನ್ನ ವೃತ್ತಿಯಲ್ಲಿ ಬಟ್ಟೆಯೆಂದರೆ ದೂರದಿಂದ ನೋಡುವವರಿಗೆ ಹೇಗೆ ಕಾಣುತ್ತದೆ ಎಂಬುದೇ ಲೆಕ್ಕ. ತೊಟ್ಟವನಿಗೆ ಅದು ಏನಾಗಿತ್ತು ಎಂದು ಕೇಳಬೇಕೆಂಬುದನ್ನು ನಾನು ಕಲಿತದ್ದು ಆ ಚಾವಡಿಯಲ್ಲಿ. ಹೊರಡಲು ಎದ್ದಾಗ ಶೆಟ್ಟರು ಗೊಂಬೆಯ ಬೂಟಿನೊಳಗೆ ಕಿರುಬೆರಳು ತೂರಿಸಿ ಹುಬ್ಬುಗಂಟಿಕ್ಕಿದರು.

“ಕಾಲುಚೀಲ ಎಲ್ಲಿ? ಮೊದಲು ತಣ್ಣಗಾಗುದೇ ಕಾಲು.”

ಬೂಟಿನ ಒಳಗೆ ಯಾರೂ ನೋಡುವುದಿಲ್ಲವೆಂದು ನಾವು ಅಲ್ಲಿ ಏನನ್ನೂ ಮಾಡುವುದಿಲ್ಲ. ಲಲಿತಕ್ಕ ಒಳಗೆ ಹೋಗಿ ಉಣ್ಣೆ, ದಬ್ಬಣ ತಂದು ಅವರ ಪಕ್ಕದಲ್ಲಿ ಕುಳಿತರು.